ಕ್ರಿಲ್‌ನ ಲೆಕ್ಕದಲ್ಲಿ ಮಂಜುಗಡ್ಡೆಯೂ ಸೇರಲಿ: ಭೂವಿಜ್ಞಾನ ಸಚಿವರಿಗೆ ಬಹಿರಂಗ ಪತ್ರ

ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯದ ಮಾನ್ಯ ಸಚಿವರಿಗೆ, ಹಾಗೂ ಅಂಟಾರ್ಕ್ಟಿಕ ಸಾಗರ ಜೀವಸಂಪತ್ತಿನ ಸಂರಕ್ಷಣಾ ಆಯೋಗದ ಸಭೆಗಳಲ್ಲಿ ಭಾರತವನ್ನು ಪ್ರತಿನಿಧಿಸುವ ಅಧಿಕಾರಿಗಳಿಗೂ ವಿಜ್ಞಾನಿಗಳಿಗೂ,

ಗೌರವಪೂರ್ವಕ ವಂದನೆಗಳು.

ನಾನು ಕರ್ನಾಟಕದ ಕರಾವಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಬೋಧಿಸುವವನು. ಧ್ರುವ ಸಮುದ್ರಗಳ ಮಂಜುಗಡ್ಡೆಯ ಬಗ್ಗೆ ನಮ್ಮ ದೇಶದಲ್ಲಿ ಮಾತು ಬಂದಾಗಲೆಲ್ಲ ಅದು ಸಾಮಾನ್ಯವಾಗಿ ಮುಂಗಾರಿನತ್ತ ಅಥವಾ ಸಮುದ್ರಮಟ್ಟದತ್ತ ತಿರುಗುತ್ತದೆ. ಅವೆರಡೂ ಮುಖ್ಯವೇ. ಆದರೆ ಈ ಪತ್ರವನ್ನು ಬರೆಯುತ್ತಿರುವುದು ಮೂರನೆಯ ವಿಷಯಕ್ಕಾಗಿ, ಆ ಮಂಜುಗಡ್ಡೆಯನ್ನೇ ನೆಚ್ಚಿ ಬದುಕುವ ಜೀವಿಗಳ ಆಹಾರ ಜಾಲಕ್ಕಾಗಿ. ಅದರ ಅಳಿವು ಉಳಿವನ್ನು ಭಾಗಶಃ ನಿರ್ಧರಿಸುವ ಮೇಜಿನ ಸುತ್ತ ಭಾರತಕ್ಕೆ 1986ರಿಂದಲೂ ಒಂದು ಕುರ್ಚಿಯಿದೆ. ಆ ಕುರ್ಚಿಯಲ್ಲಿ ಕುಳಿತವರು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕೆಂಬುದು ನನ್ನ ಬಿನ್ನಹ. ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರದಲ್ಲಿ, ಸಿಗಡಿಯಂಥ ಪುಟ್ಟ ಕಡಲಜೀವಿಯಾದ ಕ್ರಿಲ್ ಅನ್ನು ಎಷ್ಟು ಹಿಡಿಯಬಹುದು, ಎಲ್ಲಿ ಹಿಡಿಯಬಹುದು, ಯಾವಾಗ ಹಿಡಿಯಬಹುದು ಎಂಬ ತೀರ್ಮಾನಗಳು ಮಂಜುಗಡ್ಡೆ ಹಿಂದೆ ಇದ್ದ ಸ್ಥಿತಿಯನ್ನು ನಂಬಿಕೊಂಡು ಇನ್ನು ಮುಂದುವರಿಯುವಂತಿಲ್ಲ.

ಮೊದಲು ಮಂಜುಗಡ್ಡೆಯ ಸ್ಥಿತಿಯನ್ನೇ ನೋಡೋಣ. ಅಂಟಾರ್ಕ್ಟಿಕದ ಸುತ್ತಲಿನ ಸಮುದ್ರ ಪ್ರತಿ ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಸೆಪ್ಟೆಂಬರ್ ಹೊತ್ತಿಗೆ ಸುಮಾರು 1.8 ಕೋಟಿ ಚದರ ಕಿಲೋಮೀಟರಿನಷ್ಟು ಹರಡಿ, ಫೆಬ್ರವರಿ ಹೊತ್ತಿಗೆ ಅದರ ಆರನೆಯ ಒಂದು ಭಾಗಕ್ಕೆ ಕುಗ್ಗುವುದು ಅಲ್ಲಿನ ವಾರ್ಷಿಕ ಕ್ರಮ. ಉಪಗ್ರಹಗಳಿಂದ ಇದನ್ನು ನಿರಂತರವಾಗಿ ಅಳೆಯತೊಡಗಿದ್ದು 1970ರ ದಶಕದ ಕೊನೆಯಲ್ಲಿ. ಉತ್ತರದ ಆರ್ಕ್ಟಿಕ್‌ನಲ್ಲಿ ಮಂಜುಗಡ್ಡೆ ದಶಕದಿಂದ ದಶಕಕ್ಕೆ ಕರಗುತ್ತ ಬಂದರೂ ದಕ್ಷಿಣದಲ್ಲಿ ಹಾಗಾಗಲಿಲ್ಲ. 2014ರ ಚಳಿಗಾಲದಲ್ಲಂತೂ ಅದು 2 ಕೋಟಿ ಚದರ ಕಿಲೋಮೀಟರನ್ನು ದಾಟಿ ದಾಖಲೆ ಬರೆಯಿತು. ಬಳಿಕ 2016ರಲ್ಲಿ ಹಠಾತ್ ಕುಸಿತ ಕಂಡಿತು. 2022ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ 20 ಲಕ್ಷ ಚದರ ಕಿಲೋಮೀಟರಿಗಿಂತ ಕೆಳಗಿಳಿಯಿತು. 2023ರ ಫೆಬ್ರವರಿಯಲ್ಲಿ ಸುಮಾರು 17.9 ಲಕ್ಷಕ್ಕೆ ಇಳಿದು ಹೊಸ ಕನಿಷ್ಠವನ್ನು ಮುಟ್ಟಿತು, ಅಂದರೆ ಭಾರತದ ವಿಸ್ತೀರ್ಣದ ಅರ್ಧಕ್ಕಿಂತ ತುಸು ಹೆಚ್ಚು. ಅದೇ ವರ್ಷದ ಚಳಿಗಾಲದ ಗರಿಷ್ಠ ವಿಸ್ತೀರ್ಣವೂ 1.7 ಕೋಟಿಯನ್ನು ಮುಟ್ಟಲಿಲ್ಲ. ಅದೂ ಉಪಗ್ರಹ ಯುಗದ ಕನಿಷ್ಠವೇ. 2024 ಮತ್ತು 2025ರ ಬೇಸಿಗೆಗಳಲ್ಲೂ ವಿಸ್ತೀರ್ಣ 20 ಲಕ್ಷದ ಕೆಳಗೇ ಉಳಿಯಿತು.

ಈ ಅಂಕಿಗಳನ್ನು ಬಿಳಿಯ ಹೊದಿಕೆಯೊಂದು ಚಿಕ್ಕದಾಯಿತು ಎಂದಷ್ಟೇ ಓದಿಕೊಂಡರೆ ನಿಜವಾದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪು ಮಂಜಿನ ಹರಳುಗಳೊಳಗೆ ಸೇರುವುದಿಲ್ಲ. ಅದು ಗಾಢ ಉಪ್ಪುನೀರಾಗಿ ಹರಳುಗಳ ಸಂದಿಯ ಕೂದಲೆಳೆಯಂಥ ನಾಳಗಳಲ್ಲಿ ಉಳಿದುಕೊಳ್ಳುತ್ತದೆ ಇಲ್ಲವೇ ಕೆಳಕ್ಕೆ ಬಸಿದುಹೋಗುತ್ತದೆ. ಆ ನಾಳಗಳ ಒಳಗೋಡೆಗಳಿಗೆ, ಗಡ್ಡೆಯ ತಳದ ಕೊನೆಯ ಕೆಲವು ಸೆಂಟಿಮೀಟರುಗಳಿಗೆ ಡಯಾಟಂಗಳೆಂಬ ಸೂಕ್ಷ್ಮ ಪಾಚಿಗಳು ಅಂಟಿಕೊಂಡು ಬೆಳೆಯುತ್ತವೆ. ಮೇಲಿನಿಂದ ಸೋಸಿ ಬರುವ ಅತ್ಯಲ್ಪ ಬೆಳಕೇ ಅವುಗಳಿಗೆ ಸಾಕು. ವಸಂತದಲ್ಲಿ ಗಡ್ಡೆಯೊಂದನ್ನು ಮಗುಚಿದರೆ ತಳಭಾಗ ಕಂದು ಬಣ್ಣದಲ್ಲಿ ಕಾಣುವುದು ಈ ಪಾಚಿಯಿಂದಲೇ. ತೆರೆದ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳು ಇನ್ನೂ ತಲೆಯೆತ್ತದ ತಿಂಗಳುಗಳಲ್ಲಿ ಧ್ರುವ ಸಮುದ್ರದ ಗೋಮಾಳವೆಂದರೆ ಈ ತಲೆಕೆಳಗಾದ ಹಸಿರು. ಗಡ್ಡೆ ಕರಗುವಾಗಲೂ ಅದರ ಉಪಕಾರ ಮುಗಿಯುವುದಿಲ್ಲ. ಕರಗಿದ ತಿಳಿನೀರು ಹಗುರವಾಗಿ ಮೇಲ್ಮೈಯಲ್ಲಿ ಪದರವಾಗಿ ನಿಲ್ಲುವುದರಿಂದ ಪ್ಲವಕಗಳು ಆಳಕ್ಕೆ ಜಾರದೆ ಬೆಳಕಿನಲ್ಲೇ ಉಳಿಯುತ್ತವೆ. ಗಡ್ಡೆಯಲ್ಲಿ ಚಳಿಗಾಲವಿಡೀ ಸೇರಿಕೊಂಡಿದ್ದ ಕಬ್ಬಿಣದ ಅಂಶ ನೀರಿಗೆ ಬಿಡುಗಡೆಯಾಗುತ್ತದೆ. ಕಬ್ಬಿಣದ ಕೊರತೆಯೇ ಬೆಳವಣಿಗೆಗೆ ಮಿತಿಯಾಗಿರುವ ದಕ್ಷಿಣ ಸಾಗರದಲ್ಲಿ ಇದು ಸಣ್ಣ ಸಂಗತಿಯಲ್ಲ. ಹಿಂದೆ ಸರಿಯುವ ಮಂಜಿನ ಅಂಚಿನುದ್ದಕ್ಕೂ ಹಸಿರು ಹಬ್ಬುವುದು ಹೀಗೆ.

ನಮ್ಮ ಪಠ್ಯಗಳಲ್ಲಿ ದಕ್ಷಿಣ ಧ್ರುವದ ಆಹಾರ ಸರಪಳಿಯನ್ನು ಮೂರೇ ಕೊಂಡಿಗಳಲ್ಲಿ ಮುಗಿಸಿಬಿಡುತ್ತೇವೆ: ಡಯಾಟಂ, ಕ್ರಿಲ್, ತಿಮಿಂಗಿಲ. ಈ ಚಿತ್ರ ತಪ್ಪಲ್ಲ, ಆದರೆ ಅದರಲ್ಲಿ ಮಂಜುಗಡ್ಡೆಗೂ ಕಾಲಕ್ಕೂ ಜಾಗವಿಲ್ಲ. ಅಂಟಾರ್ಕ್ಟಿಕ ಕ್ರಿಲ್ ಎಂಬುದು ಸಿಗಡಿಯನ್ನು ಹೋಲುವ, ಆರು ಸೆಂಟಿಮೀಟರ್‌ವರೆಗೆ ಬೆಳೆಯುವ, ಐದಾರು ವರ್ಷ ಬದುಕಬಲ್ಲ ಜೀವಿ. ಬೇಸಿಗೆಯಲ್ಲಿ ಹೆಣ್ಣು ಇಡುವ ಸಾವಿರಾರು ಮೊಟ್ಟೆಗಳು ನೂರಾರು ಮೀಟರ್ ಆಳಕ್ಕೆ ಮುಳುಗಿ ಅಲ್ಲಿ ಒಡೆಯುತ್ತವೆ. ಮರಿಗಳು ಒಂದೊಂದೇ ಹಂತ ದಾಟುತ್ತ ಮೇಲಕ್ಕೆ ಈಜಿ ಬರುತ್ತವೆ. ಅವು ಮೇಲ್ಮೈ ತಲುಪಿ ಸ್ವಲ್ಪ ಬೆಳೆಯುವಷ್ಟರಲ್ಲಿ ಚಳಿಗಾಲ ಬಂದಿರುತ್ತದೆ. ಬೆಳೆದ ಕ್ರಿಲ್‌ಗೆ ಮೈಯಲ್ಲಿ ಕೊಬ್ಬಿದೆ, ಮೈಯನ್ನೇ ಕುಗ್ಗಿಸಿಕೊಂಡು ತಿಂಗಳುಗಟ್ಟಲೆ ಉಪವಾಸವಿರುವ ಶಕ್ತಿಯಿದೆ. ಮರಿಗೆ ಇವೆರಡೂ ಇಲ್ಲ. ಮೊದಲ ಚಳಿಗಾಲವನ್ನು ದಾಟಲು ಅದು ತಿನ್ನುತ್ತಲೇ ಇರಬೇಕು. ಮಂಜುಗಡ್ಡೆಯ ತಳದ ಉಬ್ಬುತಗ್ಗುಗಳು, ಒಂದರ ಮೇಲೊಂದು ಏರಿಕೊಂಡ ಚಪ್ಪಡಿಗಳ ನಡುವಿನ ಗವಿಗಳು ಅದಕ್ಕೆ ಹೊಂಚುವ ಬಾಯಿಗಳಿಂದ ಆಸರೆ ಕೊಡುತ್ತವೆ, ಅಲ್ಲಿನ ಪಾಚಿ ಅದರ ಹೊಟ್ಟೆಗೆ ಆಧಾರವಾಗುತ್ತದೆ. ಆಸರೆಯ ಪಾಲೆಷ್ಟು, ಆಹಾರದ ಪಾಲೆಷ್ಟು ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದೆ. ಚಳಿಗಾಲದ ಗಡ್ಡೆಯ ಕೆಳಗೆ ಆಹಾರ ನಾವು ಎಣಿಸಿದಷ್ಟು ಹುಲುಸಾಗಿಲ್ಲ, ಮರಿಗಳು ರಾತ್ರಿ ಹೊತ್ತು ನೀರಿನಲ್ಲೂ ಮೇಯುತ್ತವೆ ಎಂದು ತೋರಿಸಿದ ಅಧ್ಯಯನಗಳಿವೆ. ಆದರೂ ಮಂಜುಗಡ್ಡೆ ಚೆನ್ನಾಗಿ ಕಟ್ಟಿದ ಚಳಿಗಾಲದ ನಂತರ ಎಳೆಯ ಕ್ರಿಲ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ, ಕೆಟ್ಟ ಚಳಿಗಾಲಗಳ ನಂತರ ಅವು ವಿರಳವಾಗುವುದೂ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಸುತ್ತಮುತ್ತ ದೀರ್ಘಕಾಲದಿಂದ ಗಮನಕ್ಕೆ ಬಂದಿರುವ ಸಂಗತಿ.

ಆ ಪರ್ಯಾಯದ್ವೀಪದ ಪಶ್ಚಿಮ ಭಾಗದಲ್ಲೇ ಬದಲಾವಣೆ ತೀವ್ರವಾಗಿದೆ. ಉಪಗ್ರಹ ದಾಖಲೆ ಶುರುವಾದ ಮೇಲಿನ ಮೂರು ದಶಕಗಳಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟುವುದು ತಡವಾಗುತ್ತ, ಒಡೆಯುವುದು ಬೇಗವಾಗುತ್ತ, ವರ್ಷದ ಮಂಜಿನ ಅವಧಿ ಸುಮಾರು ಮೂರು ತಿಂಗಳಷ್ಟು ಮೊಟಕಾಯಿತು. ನೈಋತ್ಯ ಅಟ್ಲಾಂಟಿಕ್ ವಲಯದ ಹಳೆಯ ಬಲೆಗಳ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮಾರು 90 ವರ್ಷಗಳಲ್ಲಿ ಕ್ರಿಲ್‌ನ ನೆಲೆಯ ಕೇಂದ್ರ 440 ಕಿಲೋಮೀಟರಿನಷ್ಟು ದಕ್ಷಿಣಕ್ಕೆ ಸರಿದಿದೆಯೆಂದು ಅಂದಾಜಿಸಿತು. ಹಳೆಯ ದಾಖಲೆಗಳನ್ನು ಓದುವ ಬಗೆಯ ಬಗ್ಗೆ ತಕರಾರುಗಳಿವೆ, ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದಿಲ್ಲ. ಆದರೆ ದಕ್ಷಿಣಕ್ಕೆ ಸರಿಯುತ್ತ ಹೋಗುವ ಜೀವಿಗೆ ಕೊನೆಗೆ ಖಂಡವೇ ಅಡ್ಡ ಬರುತ್ತದೆ, ಅದರಾಚೆಗೆ ಜಾಗವಿಲ್ಲ. ಕ್ರಿಲ್ ತೆರವು ಮಾಡಿದ ಬೆಚ್ಚನೆಯ ನೀರಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಸಾಲ್ಪ್ ಎಂಬ, ಪೀಪಾಯಿಯಾಕಾರದ, ಪಾರದರ್ಶಕವಾದ ಲೋಳೆಜೀವಿ. ಅದರ ಮೈಯೆಲ್ಲ ನೀರು. ಕ್ರಿಲ್ ಕೊಡುವ ಕೊಬ್ಬನ್ನೂ ಕಸುವನ್ನೂ ಪೆಂಗ್ವಿನ್ನಿಗಾಗಲೀ ಸೀಲಿಗಾಗಲೀ ಅದು ಕೊಡಲಾರದು. ಕ್ರಿಲ್ ಕಡಿಮೆಯಾದ ವರ್ಷದ ಮರುವರ್ಷ ಗರ್ಭ ಧರಿಸುವ ಹಂಪ್‌ಬ್ಯಾಕ್ ತಿಮಿಂಗಿಲಗಳ ಪ್ರಮಾಣವೂ ತಗ್ಗುವುದನ್ನು ಪರ್ಯಾಯದ್ವೀಪದ ಬಳಿ ಅಧ್ಯಯನ ಮಾಡಿದವರು ದಾಖಲಿಸಿದ್ದಾರೆ. ಬೇಟೆಯಿಂದ ಅಳಿವಿನಂಚಿಗೆ ಹೋಗಿ, ಬೇಟೆ ನಿಂತ ಮೇಲೆ ಚೇತರಿಸಿಕೊಳ್ಳುತ್ತಿರುವ ಜೀವಿಗಳಿವು. ಅವುಗಳ ಚೇತರಿಕೆಗೆ ಈಗ ಊಟದ ಕೊರತೆ ಅಡ್ಡಿಯಾಗಬಹುದು ಎಂಬುದು ನನ್ನನ್ನು ತುಂಬ ನೋಯಿಸುವ ಸಂಗತಿ.

ಮಂಜುಗಡ್ಡೆಯನ್ನು ಮೇವಿಗಾಗಿ ಮಾತ್ರವಲ್ಲ, ನಿಲ್ಲುವ ನೆಲವಾಗಿ ನೆಚ್ಚಿಕೊಂಡವುಗಳ ಪಾಡು ಇನ್ನೂ ನೇರವಾಗಿ ಕಾಣುತ್ತದೆ. ಎಂಪರರ್ ಪೆಂಗ್ವಿನ್‌ಗಳು ದಡಕ್ಕೆ ಅಂಟಿಕೊಂಡ ಗಡ್ಡೆಯ ಮೇಲೆ ಮೇ ಮತ್ತು ಜೂನ್ ತಿಂಗಳಲ್ಲಿ ಮೊಟ್ಟೆಯಿಡುತ್ತವೆ. ಗಂಡು ಎರಡು ತಿಂಗಳಿಗೂ ಮೇಲೆ ಏನನ್ನೂ ತಿನ್ನದೆ ಕಾವು ಕೊಡುತ್ತದೆ. ಮರಿಗೆ ನೀರು ಹಿಡಿಯದ ಗರಿ ಮೂಡುವುದು ಡಿಸೆಂಬರ್, ಜನವರಿಯ ಹೊತ್ತಿಗೆ. ಅಲ್ಲಿಯವರೆಗೆ ಕಾಲ ಕೆಳಗಿನ ಗಡ್ಡೆ ಗಟ್ಟಿಯಾಗಿರಲೇಬೇಕು. 2022ರ ಕೊನೆಯಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಐದು ಪೆಂಗ್ವಿನ್ ನೆಲೆಗಳ ಪೈಕಿ ನಾಲ್ಕರಲ್ಲಿ ಗರಿ ಮೂಡುವ ಮೊದಲೇ ಗಡ್ಡೆ ಒಡೆದುಹೋಯಿತು. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಪೀಟರ್ ಫ್ರೆಟ್ವೆಲ್ ಮತ್ತು ಅವರ ಸಹೋದ್ಯೋಗಿಗಳು ಉಪಗ್ರಹ ಚಿತ್ರಗಳಲ್ಲಿ ಇದನ್ನು ಕಂಡು 2023ರಲ್ಲಿ ವರದಿ ಮಾಡಿದರು. ಆ ನಾಲ್ಕು ನೆಲೆಗಳಲ್ಲಿ ಬಹುಶಃ ಒಂದು ಮರಿಯೂ ಉಳಿದಿರಲಾರದು ಎಂಬುದು ಅವರ ತೀರ್ಮಾನ. ಇದೇ ಮಾತನ್ನು ತಿರುಗಿಸಿ, ಮಂಜುಗಡ್ಡೆ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನಲೂ ಬಾರದು. ಅಡೇಲಿ ಲ್ಯಾಂಡ್‌ನಲ್ಲಿ ಫ್ರಾನ್ಸಿನ ಡ್ಯುಮಾಂಟ್ ದಿ'ಉರ್ವಿಲ್ ನಿಲ್ದಾಣದ ಬಳಿಯ ಅಡೇಲಿ ಪೆಂಗ್ವಿನ್ ನೆಲೆಯಲ್ಲಿ 2013–14ರಲ್ಲಿ ಒಂದು ಮರಿಯೂ ಬದುಕಲಿಲ್ಲ, 2016–17ರಲ್ಲಿ ಹದಿನೆಂಟು ಸಾವಿರದಷ್ಟು ಜೋಡಿಗಳ ನಡುವೆ ಬದುಕಿದ್ದು ಎರಡೇ ಮರಿಗಳು. ಅಲ್ಲಿ ಕಾರಣ ವಿರುದ್ಧವಾಗಿತ್ತು: ಬೇಸಿಗೆಯಲ್ಲಿ ಕರಗಬೇಕಾದ ಗಡ್ಡೆ ಕರಗದೆ ಉಳಿದು, ತಾಯಿತಂದೆಗಳು ಆಹಾರಕ್ಕಾಗಿ ಬಹುದೂರ ಹೋಗಿ ಬರುವಷ್ಟರಲ್ಲಿ ಮರಿಗಳು ಹಸಿದು ಸತ್ತಿದ್ದವು. ಆದ್ದರಿಂದ ಒಟ್ಟು ವಿಸ್ತೀರ್ಣದ ಒಂದು ಅಂಕಿಯನ್ನು ಹಿಡಿದುಕೊಂಡರೆ ಸಾಲದು. ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ದಿನ ಗಡ್ಡೆ ನಿಲ್ಲುತ್ತದೆ ಎಂಬುದರ ಮೇಲೆ ಈ ಜೀವಿಗಳ ಬದುಕು ನಿಂತಿದೆ. ಆ ಕ್ರಮವೇ ಈಗ ಕದಡಿದೆ.

ಇಂಥ ಕದಡುವಿಕೆ ಮೀನುಗಾರಿಕೆಯನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಉತ್ತರ ಗೋಲಾರ್ಧದಲ್ಲಿ ನಿದರ್ಶನವಿದೆ, ಆಯೋಗದ ಸಭೆಗಳಲ್ಲಿ ಅದನ್ನು ನೆನಪಿಸುವುದು ಉಪಯುಕ್ತ. ಅಲಾಸ್ಕ ಮತ್ತು ರಷ್ಯಾದ ನಡುವಿನ ಬೇರಿಂಗ್ ಸಮುದ್ರದಲ್ಲಿ ಚಳಿಗಾಲದ ಮಂಜುಗಡ್ಡೆ ಕರಗಿದ ಮೇಲೂ ಸಮುದ್ರತಳದಲ್ಲಿ ಎರಡು ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರಿನ ಹಾಸು ಬೇಸಿಗೆಯುದ್ದಕ್ಕೂ ಉಳಿಯುತ್ತದೆ. ಕಾಡ್, ಪೊಲ್ಲಾಕ್ ಮೊದಲಾದ ಮೀನುಗಳು ಆ ತಂಪನ್ನು ದಾಟುವುದಿಲ್ಲ. ಎಳೆಯ ಸ್ನೋ ಏಡಿಗಳು ಅದರೊಳಗೆ ನಿರಾತಂಕವಾಗಿ ಬೆಳೆಯುತ್ತವೆ. 2018ರ ಚಳಿಗಾಲದಲ್ಲಿ ಅಲ್ಲಿ ಮಂಜುಗಡ್ಡೆ ದಾಖಲೆಯ ಮಟ್ಟಕ್ಕೆ ಕುಸಿಯಿತು, ತಂಪಿನ ಹಾಸೂ ಇಲ್ಲವಾಯಿತು. ಮೀನುಗಳು ಉತ್ತರಕ್ಕೆ ನುಗ್ಗಿದವು. 2018ರಿಂದ 2021ರ ನಡುವೆ ಸಾವಿರ ಕೋಟಿಗೂ ಹೆಚ್ಚು ಸ್ನೋ ಏಡಿಗಳು ಕಾಣೆಯಾದವು. ನೀರು ಬೆಚ್ಚಗಾದಾಗ ಏಡಿಯ ಮೈ ಹೆಚ್ಚು ಆಹಾರ ಬೇಡುತ್ತದೆ, ಆದರೆ ಇಕ್ಕಟ್ಟಾದ ನೆಲೆಯಲ್ಲಿ ಅಷ್ಟು ಆಹಾರವಿರಲಿಲ್ಲ. ಅವು ಹಸಿವಿನಿಂದ ಸತ್ತವೆಂಬುದೇ ವಿಜ್ಞಾನಿಗಳು 2023ರಲ್ಲಿ ಮುಂದಿಟ್ಟ ಪ್ರಬಲ ವಿವರಣೆ. 2022ರಲ್ಲಿ ಅಲಾಸ್ಕ ಸರ್ಕಾರ ಇತಿಹಾಸದಲ್ಲೇ ಮೊದಲ ಬಾರಿಗೆ ಆ ಏಡಿ ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ಅದು ಜಗತ್ತಿನಲ್ಲೇ ಅತ್ಯಂತ ಎಚ್ಚರದಿಂದ ಸಮೀಕ್ಷೆ ನಡೆಯುವ ಮೀನುಗಾರಿಕಾ ವಲಯಗಳಲ್ಲೊಂದು. ಪ್ರತಿವರ್ಷ ಬಲೆಯೆಳೆದು ಎಣಿಸುತ್ತಿದ್ದವರ ಕಣ್ಣೆದುರಿಗೇ, ಮೂರು ವರ್ಷಗಳಲ್ಲಿ ಇಷ್ಟಾಯಿತು.

ಆರ್ಕ್ಟಿಕ್‌ನಲ್ಲಿ ನಮ್ಮ ದೇಶದ್ದೇ ನೇರ ಅನುಭವವೂ ಇದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ-ಓಲೆಸುಂಡ್‌ನಲ್ಲಿ 2008ರಿಂದ ಹಿಮಾದ್ರಿ ನಿಲ್ದಾಣ ಕೆಲಸ ಮಾಡುತ್ತಿದೆ. ಅದರೆದುರಿನ ಕಾಂಗ್ಸ್‌ಫ್ಯೋರ್ಡನ್ ಎಂಬ ಕಡಲಚಾಚಿನಲ್ಲಿ 2014ರಲ್ಲಿ ಇಂಡಾರ್ಕ್ ಎಂಬ ನೀರಡಿಯ ವೀಕ್ಷಣಾ ಸಾಧನವನ್ನು ನಮ್ಮ ವಿಜ್ಞಾನಿಗಳು ನೆಲೆಗೊಳಿಸಿದರು. ಆ ಕಡಲಚಾಚಿನಲ್ಲಿ 2006ರ ಸುಮಾರಿನಿಂದ ಚಳಿಗಾಲದ ಮಂಜುಗಡ್ಡೆ ಹಿಂದಿನಂತೆ ಕಟ್ಟುತ್ತಿಲ್ಲ, ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಒಳಗೆ ಬರುತ್ತಿದೆ. ಅದರೊಂದಿಗೆ ಅಟ್ಲಾಂಟಿಕ್ ಮೀನುಗಳು ಬಂದಿವೆ. ಕಿಟ್ಟಿವೇಕ್ ಹಕ್ಕಿಗಳು ತಮ್ಮ ಮರಿಗಳಿಗೆ ತರುವ ಆಹಾರದಲ್ಲಿ ಮಂಜುಗಡ್ಡೆಯ ಕೆಳಗೆ ಬೆಳೆಯುವ ಪೋಲಾರ್ ಕಾಡ್ ಕಡಿಮೆಯಾಗಿ ಈ ಹೊಸ ಮೀನುಗಳು ಸೇರಿವೆ. ಆರ್ಕ್ಟಿಕ್‌ನ ಕೊಬ್ಬಿನ ಮುಖ್ಯ ಭಂಡಾರವಾದ ಕ್ಯಾಲನಸ್ ಗ್ಲೇಸಿಯಾಲಿಸ್ ಎಂಬ ಪುಟ್ಟ ಪ್ರಾಣಿಪ್ಲವಕ ಗಡ್ಡೆಯ ಪಾಚಿಯನ್ನು ತಿಂದು ಮೊಟ್ಟೆಯಿಡುತ್ತದೆ. ಅದರ ಮರಿಗಳು ತಿನ್ನುವ ವಯಸ್ಸಿಗೆ ಬರುವ ಹೊತ್ತಿಗೆ ಸರಿಯಾಗಿ ತೆರೆದ ನೀರಿನ ಪ್ಲವಕ ಹಬ್ಬುತ್ತದೆ. ಗಡ್ಡೆ ಬೇಗ ಒಡೆದರೆ ಎರಡು ಹಬ್ಬುವಿಕೆಗಳ ನಡುವಿನ ಅಂತರ ಕಿರಿದಾಗಿ, ಮರಿಗಳು ಬಾಯಿ ತೆರೆಯುವಷ್ಟರಲ್ಲಿ ಊಟ ಮುಗಿದಿರುತ್ತದೆ. ಭಾರತದ ತೆರಿಗೆದಾರರ ಹಣದಲ್ಲಿ ನಡೆಯುವ ನಿಲ್ದಾಣವೊಂದರ ಕಿಟಕಿಯಾಚೆಗೇ ಈ ಬದಲಾವಣೆ ನಡೆದಿದೆ. ಇದು ಬೇರೆಯವರ ವರದಿಗಳಿಂದ ಮಾತ್ರ ತಿಳಿದುಕೊಳ್ಳಬೇಕಾದ ವಿಷಯವಲ್ಲ.

ಈಗ ಕ್ರಿಲ್ ಮೀನುಗಾರಿಕೆಗೆ ಬರುತ್ತೇನೆ. ಒಮೆಗಾ-3 ಗುಳಿಗೆಗಳಿಗೆ, ಸಾಲ್ಮನ್ ಸಾಕಣೆಯ ಮೇವಿಗೆ, ಸಾಕುಪ್ರಾಣಿಗಳ ಆಹಾರಕ್ಕೆ ಕ್ರಿಲ್ ಹೋಗುತ್ತದೆ. ಅದರ ಎಣ್ಣೆಯ ಗುಳಿಗೆಗಳು ನಮ್ಮ ಊರುಗಳ ಗ್ರಾಹಕರಿಗೂ ಇಂದು ಆನ್‌ಲೈನಿನಲ್ಲಿ ಸಿಗುತ್ತವೆ. ಮುಖ್ಯವಾಗಿ ನಾರ್ವೆ, ಚೀನಾ, ದಕ್ಷಿಣ ಕೊರಿಯಾ, ಚಿಲಿ, ಉಕ್ರೇನ್ ದೇಶಗಳ ಹಡಗುಗಳು ಅದನ್ನು ಹಿಡಿಯುತ್ತವೆ. ಪರ್ಯಾಯದ್ವೀಪದಿಂದ ಸೌತ್ ಜಾರ್ಜಿಯಾವರೆಗೆ ಹಬ್ಬಿದ, ಆಯೋಗ 48ನೇ ವಲಯವೆಂದು ಗುರುತಿಸಿದ ನೀರಿನಲ್ಲಿ 2000ದ ಸಮೀಕ್ಷೆ ಸುಮಾರು ಆರು ಕೋಟಿ ಟನ್ ಕ್ರಿಲ್ ಇದೆಯೆಂದು ಅಂದಾಜಿಸಿತು, ಅದರ ಆಧಾರದ ಮೇಲೆ 56.1 ಲಕ್ಷ ಟನ್ನುಗಳ ಮಿತಿ ನಿಗದಿಯಾಯಿತು. ಆದರೆ ಆಯೋಗ ವಿವೇಕದಿಂದ ಒಂದು ಕೆಳಗಿನ ಗೆರೆಯನ್ನೂ ಎಳೆದಿತ್ತು. ಹಿಡಿಯುವುದನ್ನು ಸಣ್ಣ ಸಣ್ಣ ಪ್ರದೇಶಗಳಿಗೆ ಹಂಚುವ ವ್ಯವಸ್ಥೆ ರೂಪುಗೊಳ್ಳುವವರೆಗೆ ಒಟ್ಟು 6.2 ಲಕ್ಷ ಟನ್ ದಾಟಬಾರದು ಎಂದಿತು. 2009ರಲ್ಲಿ ಅದಕ್ಕೆ ಇನ್ನೊಂದು ರಕ್ಷಣೆ ಸೇರಿತು. ಆ 6.2 ಲಕ್ಷ ಟನ್ನನ್ನು ಉಪವಲಯಗಳಿಗೆ ಹಂಚಿ, ಪರ್ಯಾಯದ್ವೀಪದ ಸುತ್ತಲಿನ 48.1ನೇ ಉಪವಲಯದಲ್ಲಿ 1.55 ಲಕ್ಷ ಟನ್ನಿಗಿಂತ ಹೆಚ್ಚು ಹಿಡಿಯಬಾರದೆಂದು ಗೊತ್ತುಪಡಿಸಲಾಯಿತು. ಹಡಗುಗಳೆಲ್ಲ ಪೆಂಗ್ವಿನ್‌ಗಳು ಮೇಯುವ ತಾಣಗಳಲ್ಲೇ ಗುಂಪುಗೂಡಬಾರದೆಂಬುದು ಅದರ ಉದ್ದೇಶವಾಗಿತ್ತು.

2024ರ ಅಕ್ಟೋಬರಿನ ಸಭೆಯಲ್ಲಿ ಸದಸ್ಯ ದೇಶಗಳು ಒಮ್ಮತಕ್ಕೆ ಬರಲಾಗದೆ ಆ ಹಂಚಿಕೆಯ ನಿಯಮ ನವೆಂಬರ್ ಅಂತ್ಯಕ್ಕೆ ಬಿದ್ದುಹೋಯಿತು. ಮುಂದಿನ ಋತುವಿನಲ್ಲಿ ಆದದ್ದು ಎಲ್ಲರಿಗೂ ಗೊತ್ತಿದೆ. 2025ರ ಆಗಸ್ಟ್ ಆರಂಭದಲ್ಲಿ, ನವೆಂಬರ್ ಕೊನೆಯವರೆಗೆ ನಡೆಯಬೇಕಿದ್ದ ಮೀನುಗಾರಿಕೆಯನ್ನು 6.2 ಲಕ್ಷ ಟನ್ನಿನ ಗೆರೆ ಮುಟ್ಟಿದ್ದರಿಂದ ಅವಧಿಗೆ ಮುಂಚೆಯೇ ಮುಚ್ಚಬೇಕಾಯಿತು. ಇತಿಹಾಸದಲ್ಲಿ ಹೀಗಾಗಿದ್ದು ಇದೇ ಮೊದಲು. ಗೆರೆ ತನ್ನ ಕೆಲಸ ಮಾಡಿತು ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ 6.2 ಲಕ್ಷ ಎಂಬ ಅಂಕಿ ಬಂದದ್ದು ಪೆಂಗ್ವಿನ್ನಿಗೆ, ಸೀಲಿಗೆ, ತಿಮಿಂಗಿಲಕ್ಕೆ ಎಷ್ಟು ಬೇಕೆಂಬ ಲೆಕ್ಕದಿಂದಲ್ಲ. ಅದು ಬೇರೆ ಬೇರೆ ಉಪವಲಯಗಳಲ್ಲಿ ಹಿಂದೆ ಹಿಡಿದಿದ್ದ ಗರಿಷ್ಠ ಪ್ರಮಾಣಗಳನ್ನು ಕೂಡಿಸಿದ ಮೊತ್ತ. ಅದನ್ನು ಒಪ್ಪಿದ್ದು 1990ರ ದಶಕದ ಆರಂಭದಲ್ಲಿ. ಅಂದಿನ ಮಂಜುಗಡ್ಡೆ ಇಂದಿಲ್ಲ. ತಿಮಿಂಗಿಲಗಳ ಸಂಖ್ಯೆ ಅಂದಿಗಿಂತ ಹೆಚ್ಚಾಗಿದೆ. ಮಂಜುಗಡ್ಡೆ ಬೇಗ ತೆರವಾಗುವುದರಿಂದ, ತಡವಾಗಿ ಕಟ್ಟುವುದರಿಂದ, ಹಡಗುಗಳಿಗೆ ಶರತ್ಕಾಲ ಮತ್ತು ಚಳಿಗಾಲದಲ್ಲೂ ದಾರಿ ಸಿಗುತ್ತಿದೆ. ಹಿಂದೆ ಗಡ್ಡೆಯೇ ಬಾಗಿಲು ಹಾಕುತ್ತಿದ್ದ ನೀರಿಗೆ ಈಗ ಬಲೆಗಳು ಹೋಗುತ್ತಿವೆ. ಅಂದರೆ ಕ್ರಿಲ್ ಮರಿಗಳ ಆಸರೆಯನ್ನು ಕಿತ್ತುಕೊಳ್ಳುವ ಬದಲಾವಣೆಯೇ ದೊಡ್ಡ ಕ್ರಿಲ್ ಹಿಡಿಯುವವರಿಗೆ ಅನುಕೂಲ ಮಾಡಿಕೊಡುತ್ತಿದೆ. ಒಟ್ಟು ಲಭ್ಯವಿರುವ ಕ್ರಿಲ್‌ನಲ್ಲಿ ಹಿಡಿಯುವುದು ಶೇಕಡ ಒಂದರ ಆಸುಪಾಸು ಮಾತ್ರ ಎಂಬ ವಾದವನ್ನು ನಾನು ಬಲ್ಲೆ. ಅಂಕಗಣಿತವಾಗಿ ಅದು ಸರಿ. ಆದರೆ ಮರಿಗೆ ಉಣಿಸಿ ಮರಳಿ ಹೋಗಬೇಕಾದ ಪೆಂಗ್ವಿನ್ ಆರು ಕೋಟಿ ಟನ್ನಿನ ಸಾಗರದಲ್ಲಿ ಮೇಯುವುದಿಲ್ಲ, ತನ್ನ ಗೂಡಿನಿಂದ ಕೆಲವೇ ಹತ್ತು ಕಿಲೋಮೀಟರಿನೊಳಗಿನ ನೀರಿನಲ್ಲಿ ಮೇಯುತ್ತದೆ. ಅದೇ ನೀರಿನಲ್ಲಿ, ಅದೇ ವಾರಗಳಲ್ಲಿ ಹಡಗುಗಳು ಸಾಲುಗಟ್ಟಿದರೆ ಸಾಗರದ ಸರಾಸರಿ ಅದಕ್ಕೆ ಯಾವ ನೆರವನ್ನೂ ನೀಡದು.

1980ರಲ್ಲಿ ಸಹಿಯಾಗಿ 1982ರಲ್ಲಿ ಜಾರಿಗೆ ಬಂದ, ಈ ಆಯೋಗಕ್ಕೆ ಆಧಾರವಾದ ಒಡಂಬಡಿಕೆಯ ಎರಡನೇ ವಿಧಿಯಲ್ಲೇ ಇದಕ್ಕೆ ಬೇಕಾದ ಬಲವಿದೆ. ಹಿಡಿಯುವ ಜೀವಿಯ ಸಂಖ್ಯೆಯನ್ನು ಕಾಯ್ದುಕೊಂಡರಷ್ಟೇ ಸಾಲದು, ಅದನ್ನು ಅವಲಂಬಿಸಿದ ಮತ್ತು ಅದಕ್ಕೆ ಸಂಬಂಧಿಸಿದ ಜೀವಿಗಳೊಂದಿಗಿನ ಪರಿಸರ ಸಂಬಂಧಗಳನ್ನೂ ಕಾಯ್ದುಕೊಳ್ಳಬೇಕು, ಎರಡು ಮೂರು ದಶಕಗಳಲ್ಲಿ ಸರಿಪಡಿಸಲಾಗದ ಬದಲಾವಣೆಗಳನ್ನು ತಡೆಯಬೇಕು ಎಂದು ಅದು ವಿಧಿಸುತ್ತದೆ. ಪರಿಸರದಲ್ಲಾಗುವ ಬದಲಾವಣೆಗಳ ಪರಿಣಾಮವನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂಬ ಮಾತೂ ಅದೇ ವಿಧಿಯಲ್ಲಿದೆ. ಭಾರತ ಹೊಸ ತತ್ವವನ್ನೇನೂ ಮಂಡಿಸಬೇಕಾಗಿಲ್ಲ. ತಾನು ಒಪ್ಪಿದ ಪಠ್ಯವನ್ನು ಅದರ ಪೂರ್ಣ ಅರ್ಥದಲ್ಲಿ ಅನ್ವಯಿಸಿ ಎಂದು ಕೇಳಿದರೆ ಸಾಕು.

ನಾನು ಬದುಕುವ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಮಲ್ಪೆಯಲ್ಲಾಗಲೀ ಮಂಗಳೂರಿನ ದಕ್ಕೆಯಲ್ಲಾಗಲೀ ಆ 61 ದಿನಗಳನ್ನು ಎಲ್ಲರೂ ಸಂತೋಷದಿಂದ ಒಪ್ಪುತ್ತಾರೆಂದು ಹೇಳಲಾರೆ. ಮನೆ ನಡೆಸಲು ಕಷ್ಟವಾಗುತ್ತದೆ, ಪರಿಹಾರ ಸಾಲದೆಂಬ ದೂರು ಇದ್ದೇ ಇದೆ. ಆದರೂ ಮೀನು ಮರಿಮಾಡುವ ಹೊತ್ತಿನಲ್ಲಿ ಬಲೆ ಬೀಸಬಾರದು ಎಂಬ ತಿಳಿವಳಿಕೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ದಿನದ ಗಳಿಕೆಯ ಮೇಲೆ ಬದುಕುವ ಮೀನುಗಾರರಿಂದ ಈ ಸಂಯಮವನ್ನು ಕಾನೂನಿನ ಮೂಲಕ ಕೇಳುವ ದೇಶಕ್ಕೆ, ದೊಡ್ಡ ಬಂಡವಾಳದ ಕಾರ್ಖಾನೆ ಹಡಗುಗಳಿಂದ ಪೆಂಗ್ವಿನ್‌ಗಳ ಸಂತಾನಕಾಲದಲ್ಲಿ ಅಷ್ಟೇ ಸಂಯಮವನ್ನು ಕೇಳುವ ನೈತಿಕ ಅಧಿಕಾರ ಖಂಡಿತ ಇದೆ. ಆರ್ಕ್ಟಿಕ್‌ನ ಮಧ್ಯಸಾಗರದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆಯನ್ನೇ ಇಟ್ಟಿದ್ದಾರೆ. ಅಲ್ಲಿ ಮಂಜುಗಡ್ಡೆ ಸರಿದು ಹೊಸ ನೀರು ತೆರೆಯುತ್ತಿರುವಾಗ, ಒಂದೇ ಒಂದು ವಾಣಿಜ್ಯ ಬಲೆ ಬೀಳುವ ಮೊದಲೇ, ಚೀನಾ, ರಷ್ಯಾ, ಅಮೆರಿಕ, ನಾರ್ವೆ, ಐರೋಪ್ಯ ಒಕ್ಕೂಟ ಸೇರಿ ಹತ್ತು ಪಕ್ಷಗಳು 2018ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, 2021ರಲ್ಲಿ ಅದು ಜಾರಿಯಾದಂದಿನಿಂದ 16 ವರ್ಷ ವಾಣಿಜ್ಯ ಮೀನುಗಾರಿಕೆಯನ್ನು ತಡೆಹಿಡಿದಿವೆ. ಮೊದಲು ತಿಳಿಯೋಣ, ಆಮೇಲೆ ಹಿಡಿಯೋಣ ಎಂಬ ವಿವೇಕವನ್ನು ಉತ್ತರದಲ್ಲಿ ಒಪ್ಪಿದ ಇದೇ ದೇಶಗಳಿಗೆ ದಕ್ಷಿಣದಲ್ಲಿ ಅದನ್ನು ನೆನಪಿಸುವುದು ಒರಟುತನವಾಗದು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ: ಉಪವಲಯವಾರು ಹಂಚಿಕೆಯ ನಿಯಮವನ್ನು ಮರಳಿ ತರಲು ಭಾರತ ಬಹಿರಂಗವಾಗಿ ಪಟ್ಟು ಹಿಡಿಯಬೇಕು. ಆ ಹಂಚಿಕೆಯೊಳಗೆ ಮಂಜುಗಡ್ಡೆಯ ಸ್ಥಿತಿಯೂ ಒಂದು ಅಳತೆಯಾಗಬೇಕು. ಹಿಂದಿನ ಚಳಿಗಾಲದಲ್ಲಿ ಗಡ್ಡೆ ಕಟ್ಟಿದ ಅವಧಿ ತೀರ ಕಡಿಮೆಯಾಗಿದ್ದರೆ ಆ ಉಪವಲಯದ ಮಿತಿ ತಾನಾಗಿ ತಗ್ಗುವಂತಿರಬೇಕು. ಪೆಂಗ್ವಿನ್ ನೆಲೆಗಳ ಹತ್ತಿರದ ನೀರು ಮರಿಗಳ ಕಾಲದಲ್ಲಿ ಮುಚ್ಚಿರಬೇಕು. ಮಂಜುಗಡ್ಡೆಯ ವಿಸ್ತೀರ್ಣ ಮತ್ತು ಅವಧಿ ಉಪಗ್ರಹದಿಂದ ದಿನದಿನವೂ ಸಿಗುವ ಮಾಹಿತಿ. ಕ್ರಿಲ್ ಎಣಿಸುವುದು ದುಬಾರಿ, ಮಂಜು ಅಳೆಯುವುದು ಹಾಗಲ್ಲ. ಇಷ್ಟು ಸುಲಭವಾಗಿ ಸಿಗುವ ಸೂಚಕವನ್ನು ಲೆಕ್ಕದಿಂದ ಹೊರಗಿಡಲು ನನಗೆ ಕಾರಣ ಕಾಣುತ್ತಿಲ್ಲ.

ಎರಡನೆಯದು ಸಂರಕ್ಷಿತ ಸಾಗರ ಪ್ರದೇಶಗಳ ವಿಷಯ. ಪೂರ್ವ ಅಂಟಾರ್ಕ್ಟಿಕ ಮತ್ತು ವೆಡೆಲ್ ಸಮುದ್ರದ ಪ್ರಸ್ತಾವಗಳಿಗೆ ಸಹಪ್ರಾಯೋಜಕನಾಗಿ ಭಾರತ 2021ರಲ್ಲಿ ಹೆಸರು ಕೊಟ್ಟಿದೆ, ಅದಕ್ಕಾಗಿ ಈ ಸಚಿವಾಲಯಕ್ಕೆ ಕೃತಜ್ಞನಾಗಿದ್ದೇನೆ. ಅದೇ ವರ್ಷದ ಫೆಬ್ರವರಿಯಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನವರು ವೆಡೆಲ್ ಸಮುದ್ರದ ಮಂಜಿನಡಿಗೆ ಕ್ಯಾಮೆರಾ ಎಳೆದುಕೊಂಡು ಹೋದಾಗ, ಸುಮಾರು 240 ಚದರ ಕಿಲೋಮೀಟರಿನಲ್ಲಿ ಹರಡಿದ, ಆರು ಕೋಟಿಯಷ್ಟಿರಬಹುದೆಂದು ಅಂದಾಜಿಸಲಾದ ಐಸ್‌ಫಿಶ್ ಮೀನಿನ ಗೂಡುಗಳು ಕಂಡವು. ಜಗತ್ತಿನಲ್ಲಿ ಗೊತ್ತಿರುವ ಅತಿದೊಡ್ಡ ಮೀನುಗೂಡುಗಳ ನೆಲೆ ಅದು. ವೆಡೆಲ್ ಸೀಲ್‌ಗಳು ಅದರ ಮೇಲಿನ ನೀರಿನಲ್ಲಿ ಮುಳುಗುವುದನ್ನೂ ಗಮನಿಸಿದ್ದಾರೆ. ಮಂಜುಗಡ್ಡೆ ಮುಚ್ಚಿದ್ದರಿಂದಲೇ ಅದು ಇಷ್ಟು ಕಾಲ ಮನುಷ್ಯರ ಕೈಗೆ ಸಿಗದೆ ಉಳಿಯಿತು. 2016ರಲ್ಲಿ ರಾಸ್ ಸಮುದ್ರದ ಸಂರಕ್ಷಿತ ಪ್ರದೇಶ ಒಪ್ಪಿಗೆಯಾದ ಮೇಲೆ ಹೊಸದೊಂದೂ ಘೋಷಣೆಯಾಗಿಲ್ಲ, ಆಯೋಗದಲ್ಲಿ ಎಲ್ಲವೂ ಒಮ್ಮತದಿಂದಲೇ ಆಗಬೇಕಾದ್ದರಿಂದ ರಷ್ಯಾ ಮತ್ತು ಚೀನಾದ ಆಕ್ಷೇಪಗಳು ವರ್ಷದಿಂದ ವರ್ಷಕ್ಕೆ ಪ್ರಸ್ತಾವಗಳನ್ನು ನಿಲ್ಲಿಸುತ್ತಿವೆ. ಆ ಎರಡೂ ದೇಶಗಳೊಂದಿಗೆ ಬ್ರಿಕ್ಸ್ ವೇದಿಕೆಯಲ್ಲಿ ಕುಳಿತು ಮಾತನಾಡುವ ಅವಕಾಶ ಭಾರತಕ್ಕಿದೆ, ಇತರ ಸಹಪ್ರಾಯೋಜಕರಲ್ಲಿ ಹೆಚ್ಚಿನವರಿಗೆ ಇಲ್ಲ. ಪ್ರಸ್ತಾವದ ಕೆಳಗೆ ಹೆಸರಿರುವುದು ಒಂದು. ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ನಡೆಯುವ ಆಯೋಗದ ವಾರ್ಷಿಕ ಸಭೆಗೆ ತಿಂಗಳುಗಳ ಮೊದಲೇ ಮಾಸ್ಕೋ ಮತ್ತು ಬೀಜಿಂಗ್‌ನೊಂದಿಗೆ ಈ ಒಂದೇ ವಿಷಯದ ಮೇಲೆ ಮಾತುಕತೆ ನಡೆಸುವುದು ಇನ್ನೊಂದು. ಎರಡನೆಯದನ್ನು ನಾನು ಕೇಳುತ್ತಿದ್ದೇನೆ.

ಮೂರನೆಯ ಕೋರಿಕೆ ನಮ್ಮದೇ ವಿಜ್ಞಾನದ ಬಗ್ಗೆ. 1983ರಲ್ಲಿ ದಕ್ಷಿಣ ಗಂಗೋತ್ರಿ, 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ ಎಂಬ ನಿಲ್ದಾಣಗಳೊಂದಿಗೆ ಅಂಟಾರ್ಕ್ಟಿಕದಲ್ಲಿ ನೆಲೆಯೂರಿದ ನಾವು ಬಂಡೆ, ಹಿಮನದಿ, ವಾತಾವರಣ, ಭೂಕಾಂತತ್ವಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದೇವೆ. 1983–84ರ ಮೂರನೇ ಯಾತ್ರೆಯಲ್ಲೇ ಸಾಗರವಿಜ್ಞಾನಿ ಅದಿತಿ ಪಂತ್ ಅವರು ಅಲ್ಲಿನ ಕಡಲ ಜೀವಿಗಳನ್ನು ಅಧ್ಯಯನ ಮಾಡಲು ಹೋಗಿದ್ದರು. 1995–96ರಲ್ಲಿ ಸಾಗರ ಸಂಪದ ಹಡಗು ಕ್ರಿಲ್‌ಗಾಗಿಯೇ ದಕ್ಷಿಣ ಸಾಗರಕ್ಕೆ ಹೋಗಿ ಬಂದಿತು. ಆ ಪರಂಪರೆ ಇನ್ನಷ್ಟು ಬಲವಾಗಬೇಕು. ಭಾರತಿ ಇರುವ ಲಾರ್ಸೆಮನ್ ಬೆಟ್ಟಗಳ ಎದುರಿನ ಪ್ರಿಡ್ಜ್ ಕೊಲ್ಲಿಯಲ್ಲಿ ಚಳಿಗಾಲವಿಡೀ ಗಡ್ಡೆಯ ದಪ್ಪ, ಅದರ ತಳದ ಪಾಚಿ, ಅದರಡಿಯ ಕ್ರಿಲ್ ಮರಿಗಳನ್ನು ವರ್ಷ ತಪ್ಪದೆ ಅಳೆಯುವ ದೀರ್ಘಾವಧಿ ಕಾರ್ಯಕ್ರಮವೊಂದನ್ನು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ ವಹಿಸಿಕೊಡಬೇಕು. ಬೇಸಿಗೆಯಲ್ಲಿ ಹಡಗು ಹೋದಾಗ ತೆಗೆದ ಮಾದರಿಗಳು ಚಳಿಗಾಲದ ಕಥೆಯನ್ನು ಹೇಳಲಾರವು, ಕ್ರಿಲ್‌ನ ಭವಿಷ್ಯ ತೀರ್ಮಾನವಾಗುವುದು ಚಳಿಗಾಲದಲ್ಲಿ. ವರ್ಷಪೂರ್ತಿ ಜನರಿರುವ ನಿಲ್ದಾಣ ನಮ್ಮದು. ಪೂರ್ವ ಅಂಟಾರ್ಕ್ಟಿಕದಲ್ಲಿ ಅಂಥ ನಿಲ್ದಾಣಗಳು ಹೆಚ್ಚಿಲ್ಲ. ಕಾಂಗ್ಸ್‌ಫ್ಯೋರ್ಡನ್‌ನಲ್ಲೂ ಇಂಡಾರ್ಕ್‌ನ ಭೌತಿಕ ಅಳತೆಗಳ ಜೊತೆಗೆ ಪ್ಲವಕಗಳ ಎಣಿಕೆ ಅಷ್ಟೇ ನಿಯಮಿತವಾಗಿ ನಡೆಯಬೇಕು. ಈ ಮಾಹಿತಿಯೆಲ್ಲ ಯಾವ ದೇಶದ ವಿದ್ಯಾರ್ಥಿಗೂ ಮುಕ್ತವಾಗಿ ಸಿಗುವಂತಿದ್ದರೆ ಹೋಬಾರ್ಟ್‌ನಲ್ಲಿ ಭಾರತದ ಮಾತಿಗೆ ತೂಕ ಬರುತ್ತದೆ.

2024ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕ ಒಪ್ಪಂದದ 46ನೇ ಸಮಾಲೋಚನಾ ಸಭೆಯನ್ನು ಭಾರತ ಕೊಚ್ಚಿಯಲ್ಲಿ ನಡೆಸಿತು. ಕರಾವಳಿಯ ಜನರಾದ ನಮಗೆ ಅದು ಹತ್ತಿರದ ಊರು. ಆದರೂ ಆ ದಿನಗಳಲ್ಲಿ ಅಲ್ಲಿ ಏನು ಚರ್ಚೆಯಾಯಿತು, ಭಾರತ ಯಾವುದರ ಪರವಾಗಿ ನಿಂತಿತು ಎಂಬುದು ನನ್ನ ವಿದ್ಯಾರ್ಥಿಗಳಿಗೆ ಕನ್ನಡದಲ್ಲಾಗಲೀ ಬೇರಾವ ಭಾರತೀಯ ಭಾಷೆಯಲ್ಲಾಗಲೀ ಓದಲು ಸಿಗಲಿಲ್ಲ. 2022ರ ಭಾರತೀಯ ಅಂಟಾರ್ಕ್ಟಿಕ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದ ಮೇಲೆ ಈ ಖಂಡದ ವಿಷಯ ತಜ್ಞರ ನಡುವಿನ ಮಾತುಕತೆಯಾಗಿ ಮಾತ್ರ ಉಳಿಯಬಾರದು. ಹೋಬಾರ್ಟ್‌ನ ಮುಂದಿನ ಸಭೆಗೆ ಹೊರಡುವ ಮೊದಲು, ಕ್ರಿಲ್ ಹಂಚಿಕೆಯ ಬಗ್ಗೆ ಮತ್ತು ಎರಡು ಸಂರಕ್ಷಿತ ಪ್ರದೇಶಗಳ ಬಗ್ಗೆ ಭಾರತದ ನಿಲುವೇನೆಂಬುದನ್ನು ಸಚಿವಾಲಯ ಒಂದೆರಡು ಪುಟಗಳಲ್ಲಿ ನಮ್ಮ ಭಾಷೆಗಳಲ್ಲಿ ಪ್ರಕಟಿಸಬೇಕೆಂದೂ, ಸಭೆ ಮುಗಿದ ತಿಂಗಳೊಳಗೆ ಅಲ್ಲಿ ನಮ್ಮ ನಿಯೋಗ ಏನು ಹೇಳಿತು, ಯಾವುದಕ್ಕೆ ಒಪ್ಪಿತು ಎಂಬ ವರದಿಯನ್ನು ಸಂಸತ್ತಿನ ಮುಂದಿಡಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕರ್ನಾಟಕ ಕರಾವಳಿಯ ಒಬ್ಬ ಪ್ರಾಣಿಶಾಸ್ತ್ರ ಅಧ್ಯಾಪಕ